ಹಾಲಿನ ಕ್ಯಾನ್ ಹೊರುವ ಸೈಕಲ್‌ಗೆ ಎಂಥ ಟಯರ್ ಹಾಕಿಸಬೇಕು?



ಕೆಚ್ಚಲು ತೊಳೆಯುವುದು, ಖನಿಜ ಮಿಶ್ರಣ ತಿನ್ನಿಸುವುದು, ಕರುವಿಗೆ ಗಿಣ್ಣು ಹಾಲು ಕುಡಿಸುವುದು, ಇವೆಲ್ಲದರ ಬಗ್ಗೆ ನೀವು ಓದಿದ್ದೀರಿ, ಮಾಡಿಯೂ ಇದ್ದೀರಿ. ಈ ಸಲ ಕೊಟ್ಟಿಗೆಯ ಹೊರಗೆ ಗೋಡೆಗೆ ಒರಗಿಸಿಟ್ಟ ಸೈಕಲ್ ಕಡೆ ಸ್ವಲ್ಪ ಗಮನ ಕೊಡೋಣ. ಅದರಲ್ಲೂ ಅದರ ಎರಡು ಟಯರ್ ಕಡೆ.

ಹಾಲಿಗೂ ಟಯರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಎಷ್ಟೋ ಮನೆಗಳು ಊರೊಳಗಿಲ್ಲ, ಹೊಲದಲ್ಲಿವೆ, ಕಾಲುವೆ ದಂಡೆಯಲ್ಲಿವೆ, ತಾಂಡಾಗಳಲ್ಲಿವೆ. ಅಲ್ಲಿಂದ ಸಂಘದ ಕಟ್ಟೆಗೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಬರಬೇಕು. ಕರೆದ ಹಾಲು ಮೈ ಬಿಸಿಯಷ್ಟೇ, ಅಂದರೆ ಸುಮಾರು 37 ಡಿಗ್ರಿ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಜೀವಿಗಳು 20–30 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ದಾರಿಯಲ್ಲಿ ಹಾಲು ತಾನಾಗಿ ತಣ್ಣಗಾಗುವುದಿಲ್ಲ. ಅರ್ಧ ದಾರಿಯಲ್ಲಿ ಸೈಕಲ್ ಪಂಕ್ಚರ್ ಆಗಿ ಒಂದು ತಾಸು ತಡವಾದರೆ ಸಂಘದ ತೂಕ ಮುಗಿದಿರುತ್ತದೆ. ಮುಗಿಯದಿದ್ದರೂ ಹಾಲು ಹುಳಿ ತಿರುಗಿ ವಾಪಸು ಬರಬಹುದು. ನೀವು ನಸುಕಿನಲ್ಲಿ ಎದ್ದು ಪಟ್ಟ ಶ್ರಮವೆಲ್ಲ ಒಂದು ಜಾಲಿ ಮುಳ್ಳಿಗೆ ಹೋದಂತೆ.

ಆದ್ದರಿಂದ ಸೈಕಲ್ ಟಯರ್ ಕೂಡ ಹಾಲಿನ ಕ್ಯಾನಿನಷ್ಟೇ ಮುಖ್ಯವಾದ ಹೈನುಗಾರಿಕೆಯ ಸಾಮಾನು. ಕ್ಯಾನ್ ಕೊಳ್ಳುವಾಗ ತಟ್ಟಿ, ತಿರುವಿ ನೋಡುತ್ತೀರಿ. ಟಯರ್ ಮಾತ್ರ "ಅಂಗಡಿಯವರು ಯಾವುದು ಹಾಕಿದರೆ ಅದು" ಎಂದು ಬಿಟ್ಟುಬಿಡುತ್ತೇವೆ. ಸೈಕಲ್ ನೀವು ತುಳಿಯುತ್ತೀರಿ, ಹಾಲು ನಿಮ್ಮದು, ದಾರಿ ನಿಮಗೆ ಗೊತ್ತು. ಟಯರ್ ಆರಿಸುವುದೂ ನಿಮ್ಮ ಕೈಯಲ್ಲೇ ಇರಲಿ. ಅದಕ್ಕೆ ಬೇಕಾದಷ್ಟು ತಿಳಿವಳಿಕೆ ಇಲ್ಲಿದೆ.

ಮನೆಯಲ್ಲಿರುವ ಸೈಕಲ್ ಯಾವುದು?

ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸೈಕಲ್ ಕಾಣುತ್ತೇವೆ. ಒಂದು, ಹಿರಿಯರ ಕಾಲದ ಎತ್ತರದ ಕರಿ ಸೈಕಲ್. ಎರಡು, ನಡುವೆ ಅಡ್ಡ ಕೊಳವೆ ಇಲ್ಲದ ಲೇಡೀಸ್ ಸೈಕಲ್. ಮೂರು, ಹುಡುಗರು ಇಷ್ಟಪಡುವ ದಪ್ಪ ಟಯರಿನ ಸೈಕಲ್.

ಎರಡನೆಯ ಬಗೆ ನಮ್ಮ ಮನೆಗಳಿಗೆ ಹೆಚ್ಚಾಗಿ ಬಂದದ್ದು ಹೆಣ್ಣುಮಕ್ಕಳ ಶಾಲೆಯ ದೆಸೆಯಿಂದ. ರಾಜ್ಯ ಸರ್ಕಾರ 2006–07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಮಗಳು ಹೈಸ್ಕೂಲು ಮುಗಿಸಿ ಕಾಲೇಜಿಗೋ ಗಂಡನ ಮನೆಗೋ ಹೋದ ಮೇಲೆ ಆ ಸೈಕಲ್ ಮನೆಯಲ್ಲೇ ಉಳಿಯಿತು. ಅಡ್ಡ ಕೊಳವೆ ಇಲ್ಲದ ಕಾರಣ ಸೀರೆ ಉಟ್ಟವರು ಹತ್ತಿ ಇಳಿಯುವುದೂ ಸುಲಭ. ಎಷ್ಟೋ ಕಡೆ ಅದಕ್ಕೆ ಬೇಕಾಗಿರುವುದು ಒಂದು ಗಟ್ಟಿ ಕ್ಯಾರಿಯರ್ ಮತ್ತು ಎರಡು ಹೊಸ ಟಯರ್ ಅಷ್ಟೇ. ಹವಾ ಇಲ್ಲದೆ ವರ್ಷಗಟ್ಟಲೆ ನಿಂತ ಟಯರಿನ ಪಕ್ಕದ ಗೋಡೆ ಮಡಚಿ ಬಿರುಕು ಬಿಟ್ಟಿರುತ್ತದೆ. ಮೇಲಿನ ಗೆರೆಗಳು ಹೊಸದರಂತೆ ಕಂಡರೂ ಅಂಥ ಟಯರ್ ಮೇಲೆ ಹಾಲಿನ ಭಾರ ಹೇರಬೇಡಿ.

ಮೊದಲು ಅಳತೆ ತಿಳಿದಿರಲಿ

ಟಯರ್ ತರಲು ಪೇಟೆಗೆ ಹೋಗುವ ಮುಂಚೆ ಹಳೆಯ ಟಯರಿನ ಪಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಅಂಕಿಗಳು ಉಬ್ಬಿ ಮೂಡಿರುತ್ತವೆ.

ಕರಿ ಸೈಕಲ್‌ಗೆ ಸಾಮಾನ್ಯವಾಗಿ 28 × 1½ ಎಂದಿರುತ್ತದೆ. ಅದರ ಹತ್ತಿರವೇ 40-635 ಎಂಬ ಇನ್ನೊಂದು ಅಂಕಿಯೂ ಇರಬಹುದು. ಇದರಲ್ಲಿ 40 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 635 ಎಂದರೆ ಟಯರ್ ಕೂರುವ ರಿಮ್ಮಿನ ಅಡ್ಡಳತೆ, ಅದೂ ಮಿಲಿಮೀಟರಿನಲ್ಲಿ. ಲೇಡೀಸ್ ಸೈಕಲ್‌ಗೆ ಹೆಚ್ಚಾಗಿ 26 × 1⅜ ಇರುತ್ತದೆ, ಅದರ ಇನ್ನೊಂದು ಹೆಸರು 37-590. ದಪ್ಪ ಟಯರಿನ ಸೈಕಲ್‌ಗೆ 26 × 1.75 ಎಂದಿದ್ದರೆ ಅದು 47-559.

ಎಚ್ಚರ ಬೇಕಾದದ್ದು ಇಲ್ಲಿಯೇ. ಎರಡಕ್ಕೂ "26 ನಂಬರ್" ಎಂದೇ ಹೇಳುತ್ತಾರೆ. ಆದರೆ ಒಂದರ ರಿಮ್ 590, ಇನ್ನೊಂದರದು 559. ನಡುವೆ 31 ಮಿಲಿಮೀಟರ್ ವ್ಯತ್ಯಾಸ. ಒಂದರ ಟಯರ್ ಇನ್ನೊಂದಕ್ಕೆ ಕೂರುವುದೇ ಇಲ್ಲ. ಬರೀ "26ರ ಟಯರ್ ಕೊಡಿ" ಎಂದು ಮನೆಯವರಿಗೋ ಮಗನಿಗೋ ಹೇಳಿ ಕಳಿಸಿದರೆ ತಪ್ಪು ಟಯರ್ ಬಂದು ಮತ್ತೊಂದು ದಿನದ ಬಸ್ ಚಾರ್ಜು ದಂಡ. ಅಂಕಿ ಪೂರ್ತಿ ಬರೆದು ಕೊಡಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಟ್ಯೂಬ್ ಕೊಳ್ಳುವಾಗಲೂ ಅದೇ ಅಂಕಿ ಹೇಳಿ.

ಭಾರವೆಲ್ಲ ಹಿಂದಿನ ಗಾಲಿ ಮೇಲೆ

ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಹಾಲಿನ ತೂಕ ಒಂದು ಕೆ.ಜಿ.ಗಿಂತ ತುಸು ಜಾಸ್ತಿ, ಸುಮಾರು 1.03 ಕೆ.ಜಿ. ಕ್ಯಾರಿಯರಿನ ಎರಡೂ ಬದಿಗೆ ಹತ್ತು ಹತ್ತು ಲೀಟರ್ ಹಾಲು ಇದ್ದರೆ 20 ಕೆ.ಜಿ. ದಾಟಿತು, ಕ್ಯಾನಿನ ತೂಕ ಬೇರೆ. ನೀವು 50 ಕೆ.ಜಿ. ಇದ್ದೀರಿ ಎಂದುಕೊಳ್ಳಿ. ಕೂತವರ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನ ಗಾಲಿಗೆ ಹೋಗುತ್ತದೆ. ಕ್ಯಾರಿಯರಿನ ಭಾರವಂತೂ ಹೆಚ್ಚುಕಡಿಮೆ ಪೂರ್ತಿ ಹಿಂದಿನದಕ್ಕೇ. ಸೈಕಲ್ಲಿನ ತೂಕವನ್ನೂ ಸೇರಿಸಿದರೆ ಹಿಂದಿನ ಟಯರ್ ಮೇಲೆ ಅಂದಾಜು 60 ಕೆ.ಜಿ., ಮುಂದಿನದರ ಮೇಲೆ ಅದರ ಅರ್ಧದಷ್ಟು.

ಆ 60 ಕೆ.ಜಿ. ನೆಲಕ್ಕೆ ಮುಟ್ಟುವುದು ಎರಡು ಮೂರು ಬೆರಳು ಜೋಡಿಸಿಟ್ಟಷ್ಟು ಜಾಗದಲ್ಲಿ ಮಾತ್ರ. ಹಿಡಿತ, ಮೆತ್ತನೆ, ಮುಳ್ಳಿನ ತಡೆ ಎಲ್ಲವೂ ಆ ಪುಟ್ಟ ಜಾಗದಲ್ಲೇ ತೀರ್ಮಾನವಾಗುತ್ತದೆ. ಹಿಂದಿನ ಟಯರ್ ಬೇಗ ಸವೆಯುವುದಕ್ಕೂ ಹೆಚ್ಚು ಸಲ ಪಂಕ್ಚರ್ ಆಗುವುದಕ್ಕೂ ಈ ಭಾರವೇ ಮುಖ್ಯ ಕಾರಣ.

ಹಾಗಾದರೆ ಒಳ್ಳೆಯ ಟಯರ್ ಯಾವುದಕ್ಕೆ? ಹಿಂದಿನದು ಪಂಕ್ಚರ್ ಆದರೆ ಸೈಕಲ್ ಭಾರವಾಗಿ ಎಳೆಯುತ್ತದೆ, ನೀವು ಇಳಿದು ತಳ್ಳಬಹುದು. ಮುಂದಿನದು ಜಾರಿದರೆ ಅಥವಾ ಸಿಡಿದರೆ ಹ್ಯಾಂಡಲ್ ಕೈ ತಪ್ಪಿ ನೀವೂ ಕ್ಯಾನೂ ನೆಲಕ್ಕೆ. ಆದ್ದರಿಂದ ಹಿಂದಿನದು ಸವೆದಾಗ, ಮುಂದಿನ ಟಯರ್ ಬಿರುಕಿಲ್ಲದೆ ಗಟ್ಟಿ ಇದ್ದರೆ ಅದನ್ನು ಹಿಂದಕ್ಕೆ ಹಾಕಿಸಿ, ಹೊಸದನ್ನು ಮುಂದೆ ಹಾಕಿಸಿ. ಮುಂದಿನದೂ ಬಿರುಕು ಬಿಟ್ಟಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೇಸು.

ಹಿಡಿತ: ನಿಮ್ಮ ದಾರಿ ಯಾವ ಮಣ್ಣಿನದು?

ಟಯರ್ ಮೇಲಿನ ಗೆರೆ, ಗುಬ್ಬಿಗಳನ್ನು ನೋಡಿ ಮರುಳಾಗುವುದು ಸಹಜ. ಗುಬ್ಬಿ ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ ಎನ್ನುವುದು ಎಲ್ಲ ದಾರಿಗೂ ನಿಜವಲ್ಲ.

ಡಾಂಬರು ಮತ್ತು ಸಿಮೆಂಟ್ ರಸ್ತೆಯಲ್ಲಿ ಹಿಡಿತ ಕೊಡುವುದು ರಬ್ಬರು, ಗುಬ್ಬಿಯಲ್ಲ. ಸೈಕಲ್ ಟಯರ್ ಕಿರಿದು, ಅದರೊಳಗಿನ ಒತ್ತಡ ಹೆಚ್ಚು, ಓಡುವ ವೇಗ ಕಡಿಮೆ. ಆದ್ದರಿಂದ ಮಳೆ ನೀರನ್ನು ಅದು ತಾನೇ ಪಕ್ಕಕ್ಕೆ ಸರಿಸುತ್ತದೆ. ಕಾರಿನ ಟಯರಿನಂತೆ ನೀರಿನ ಮೇಲೆ ತೇಲುವುದಿಲ್ಲ. ಊರಿಂದ ಸಂಘದವರೆಗೆ ಡಾಂಬರು ರಸ್ತೆಯೇ ಇದ್ದರೆ ಸಣ್ಣ ಗೆರೆಗಳಿರುವ, ನಡುಭಾಗ ನುಣುಪಾಗಿರುವ ಟಯರ್ ಸಾಕು. ತುಳಿಯಲೂ ಹಗುರ. ದೊಡ್ಡ ಗುಬ್ಬಿಯ ಟಯರ್ ಡಾಂಬರಿನ ಮೇಲೆ ಗೊರಗೊರ ಸದ್ದು ಮಾಡುತ್ತ ಕಾಲಿನ ಶಕ್ತಿ ತಿನ್ನುತ್ತದೆ, ತಿರುವಿನಲ್ಲಿ ಗುಬ್ಬಿಗಳು ಬಾಗಿ ಹಿಡಿತವೂ ಕಡಿಮೆಯಾಗುತ್ತದೆ.

ಗರಸು ಹಾಕಿದ ದಾರಿಯಲ್ಲಿ ಮಾತು ಬೇರೆ. ನಾರಾಯಣಪುರ ಅಣೆಕಟ್ಟೆಯ ಕಾಲುವೆಗಳ ದಂಡೆ ಮೇಲೆ ಓಡಾಡುವ ಶಹಾಪುರ, ಸುರಪುರದ ಅಕ್ಕಂದಿರಿಗೆ ಇದು ಗೊತ್ತು. ಕಾಲ ಕೆಳಗೆ ಕಲ್ಲುಪುಡಿ ಉರುಳುತ್ತದೆ. ಮಸಾರಿ ಮಣ್ಣು, ಕಲ್ಲುಗುಡ್ಡಗಳಿರುವ ಕಡೆಯ ಹೊಲದ ದಾರಿಯೂ ಹಾಗೆಯೇ. ಇಲ್ಲಿ ನಡುವೆ ಒತ್ತಾದ ಗೆರೆ, ಅಂಚಿನಲ್ಲಿ ಸಣ್ಣ ಗುಬ್ಬಿ ಇರುವ ಟಯರ್ ಅನುಕೂಲ. ನಡುಭಾಗ ಡಾಂಬರಿಗೆ, ಅಂಚು ಗರಸಿಗೆ. ನಿಮ್ಮ ಸೈಕಲ್ಲಿನ ಅಳತೆಯಲ್ಲೇ ಸ್ವಲ್ಪ ಅಗಲದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ಆಡುವಷ್ಟು ಜಾಗ ಉಳಿಯಬೇಕು.

ಎರಿ ಹೊಲದ ದಾರಿ ಮೂರನೆಯದು. ಒಣಗಿದಾಗ ಗಟ್ಟಿ ರಸ್ತೆಯಂತೆ ಇರುತ್ತದೆ, ಸುಖವಾಗಿ ಹೋಗಬಹುದು. ಒಂದು ಮಳೆ ಬಿದ್ದರೆ ಮುಗಿಯಿತು. ಹಸಿ ಎರಿ ಮಣ್ಣು ಗುಬ್ಬಿಗಳ ಸಂದಿನಲ್ಲಿ ಮೆತ್ತಿಕೊಂಡು ಎಂಥ ಟಯರನ್ನೂ ನುಣ್ಣಗೆ ಮಾಡಿಬಿಡುತ್ತದೆ. ಆಮೇಲೆ ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯೇ ತಿರುಗದಂತೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ಟಯರಿನಲ್ಲಿ ಪರಿಹಾರವಿಲ್ಲ. ಹುಲ್ಲಿರುವ ಅಂಚು ಹಿಡಿದು ಸೈಕಲ್ ತಳ್ಳಿಕೊಂಡು ಹೋಗಿ, ಮಣ್ಣು ಕೆರೆಯಲು ಒಂದು ಕಟ್ಟಿಗೆ ಚೂರು ಕ್ಯಾರಿಯರಿಗೆ ಸಿಕ್ಕಿಸಿಕೊಳ್ಳಿ. ಮಳೆಗಾಲದ ನಾಲ್ಕು ತಿಂಗಳು ಮನೆಯಿಂದ ಕಾಲು ಗಂಟೆ ಮೊದಲೇ ಹೊರಡುವುದು ಒಳ್ಳೆಯದು.

ಭತ್ತದ ನಾಟಿ ಸಮಯದಲ್ಲಿ ಇನ್ನೊಂದು ಅಪಾಯವಿದೆ. ಗದ್ದೆಯಿಂದ ಬಂದ ಟ್ರ್ಯಾಕ್ಟರ್ ಗಾಲಿಗಳು ಡಾಂಬರಿನ ಮೇಲೆ ಕೆಸರು ಉದುರಿಸಿ ಹೋಗಿರುತ್ತವೆ. ಆ ಕೆಸರಿನ ಮೇಲೆ ತಿರುಗಬೇಡಿ, ಮುಂದಿನ ಬ್ರೇಕ್ ಹಿಡಿಯಬೇಡಿ. ಸೈಕಲ್ ನೇರವಾಗಿರಲಿ, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ.

ಮೆತ್ತನೆ ಸವಾರಿ: ಬೆನ್ನಿಗೂ ಬೇಕು, ಹಾಲಿಗೂ ಬೇಕು

ಹವಾ ತುಂಬಿದ ಟಯರ್ ಬಂದದ್ದು ಹೇಗೆ ಗೊತ್ತೇ? ಮೊದಲು ಸೈಕಲ್‌ಗಳಿಗೆ ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿತ್ತು, ಸವಾರರ ಮೂಳೆ ಅಲುಗಾಡುತ್ತಿತ್ತು. ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಗಾಲಿಯ ಸೈಕಲ್ ಕಲ್ಲುಹಾಸಿನ ಮೇಲೆ ಕುಕ್ಕುವುದನ್ನು ತಪ್ಪಿಸಲು ಹವಾ ತುಂಬಿದ ರಬ್ಬರ್ ಕೊಳವೆ ಸುತ್ತಿ ನೋಡಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅವರಿಗಿಂತ ಸುಮಾರು ನಲವತ್ತು ವರ್ಷ ಮೊದಲೇ ರಾಬರ್ಟ್ ಥಾಮ್ಸನ್ ಎಂಬವರು ಇದೇ ಉಪಾಯ ಹೂಡಿದ್ದರೂ ಅದು ಬಳಕೆಗೆ ಬಂದಿರಲಿಲ್ಲ. ಡನ್‌ಲಪ್ ಅವರ ವೃತ್ತಿ ಏನು ಬಲ್ಲಿರಾ? ಅವರು ಪಶುವೈದ್ಯರು. ನಮ್ಮ ದನದ ಡಾಕ್ಟರಂಥವರೇ ಈ ಉಪಕಾರ ಮಾಡಿದ್ದು.

ಮೆತ್ತನೆ ಸವಾರಿ ಬೆನ್ನು, ಸೊಂಟಕ್ಕೆ ಹಿತ ಎನ್ನುವುದು ಎಲ್ಲರಿಗೂ ಗೊತ್ತು. ಅದು ಹಾಲಿನ ದರಕ್ಕೂ ಸಂಬಂಧಿಸಿದ್ದು ಎನ್ನುವುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಮೊಸರು ಕಡೆಯುವ ಗಡಿಗೆಯನ್ನು ನೀವು ಯಾವತ್ತೂ ಬಾಯಿವರೆಗೆ ತುಂಬುವುದಿಲ್ಲ. ಜಾಗ ಇದ್ದರೆ ತಾನೇ ಕುಲುಕಿ ಬೆಣ್ಣೆ ಬರುವುದು? ಅರ್ಧ ತುಂಬಿದ ಕ್ಯಾನ್ ಕಲ್ಲುದಾರಿಯಲ್ಲಿ ಕುಕ್ಕಿದರೂ ಅದೇ ಆಗುತ್ತದೆ. ಬೆಚ್ಚಗಿನ ಹಾಲಿನ ಕೊಬ್ಬು ಸಣ್ಣ ಸಣ್ಣ ಬೆಣ್ಣೆ ಕಣಗಳಾಗಿ ಕ್ಯಾನಿನ ಗೋಡೆಗೆ, ಮುಚ್ಚಳಕ್ಕೆ ಅಂಟುತ್ತದೆ. ಸಂಘದಲ್ಲಿ ತೆಗೆಯುವ ಸ್ಯಾಂಪಲ್‌ನಲ್ಲಿ ಆ ಕೊಬ್ಬು ಬರುವುದಿಲ್ಲ. ನಿಮ್ಮ ಹಾಲಿಗೆ ದುಡ್ಡು ಬರುವುದು ಕೊಬ್ಬು ಮತ್ತು ಎಸ್‌ಎನ್‌ಎಫ್ ನೋಡಿ ಅಲ್ಲವೇ? ಜೊತೆಗೆ, ಹೀಗೆ ಕುಲುಕಿದ ಹಸಿ ಹಾಲಿನ ಕೊಬ್ಬು ಒಡೆದು ಕಮಟು ವಾಸನೆಗೂ ಕಾರಣವಾಗಬಹುದು.

ಪರಿಹಾರ ಎರಡು. ಹಾಲಿಗೆ ತಕ್ಕ ಅಳತೆಯ ಕ್ಯಾನ್ ಬಳಸಿ. ಐದು ಲೀಟರ್ ಹಾಲಿಗೆ ಹತ್ತರ ಕ್ಯಾನ್ ಬೇಡ. ಇನ್ನೊಂದು, ಕುಕ್ಕುವುದನ್ನು ಟಯರ್ ತಡೆಯುವಂತೆ ನೋಡಿಕೊಳ್ಳಿ. ಅಗಲವಾದ ಟಯರಿನಲ್ಲಿ ಹೆಚ್ಚು ಹವಾ ಹಿಡಿಯುತ್ತದೆ, ಅದು ಕಲ್ಲಿನ ಪೆಟ್ಟನ್ನು ನುಂಗುತ್ತದೆ. ಟಯರಿನ ಒಳಪದರ ಬಳುಕುವಂತಿರಬೇಕು. ಅಂಗಡಿಯಲ್ಲಿ ಟಯರಿನ ಪಕ್ಕದ ಗೋಡೆಯನ್ನು ಎರಡು ಬೆರಳಿನಲ್ಲಿ ಹಿಚುಕಿ ನೋಡಿ. ಕಟ್ಟಿಗೆಯಂತೆ ಬಿರುಸಾಗಿದ್ದರೆ ಸವಾರಿಯೂ ಬಿರುಸೇ.

ಹವಾ ಬೇಕಿಲ್ಲದ ಗಟ್ಟಿ ಟಯರ್ ಹಾಕಿಸಿದರೆ ಪಂಕ್ಚರ್ ಕಾಟವೇ ಇಲ್ಲ ಎಂದು ಯಾರಾದರೂ ಹೇಳಬಹುದು. ನಿಜ, ಅದಕ್ಕೆ ಪಂಕ್ಚರ್ ಇಲ್ಲ. ಆದರೆ ಅದು ಭಾರ, ತುಳಿಯಲು ಕಷ್ಟ. ಪ್ರತಿ ಕಲ್ಲಿನ ಪೆಟ್ಟೂ ನೇರವಾಗಿ ಸ್ಪೋಕ್‌ಗೆ, ಕ್ಯಾನಿಗೆ, ನಿಮ್ಮ ಬೆನ್ನಿಗೆ ಬರುತ್ತದೆ. ಹಾಲು ಸಾಗಿಸುವ ಸೈಕಲ್‌ಗೆ ಅದು ಹೊಂದುವುದಿಲ್ಲ.

ಮುಳ್ಳಿನ ಕಾಟಕ್ಕೆ ಏನು ಮಾಡುವುದು?

ನಮ್ಮ ಭಾಗದಲ್ಲಿ ಟಯರಿನ ಶತ್ರುಗಳು ಮುಖ್ಯವಾಗಿ ಮೂರು. ಮೊದಲನೆಯದು ಜಾಲಿ. ಹಳ್ಳದ ದಂಡೆ, ಬೀಳು ಭೂಮಿ, ರಸ್ತೆ ಬದಿ ಎಲ್ಲ ಕಡೆ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ಉದ್ದ, ನೇರ. ಮಳೆಗಾಲಕ್ಕೆ ಮುಂಚೆ ಬೇಲಿ ಹಾಕಲು ಜಾಲಿ ಕಂಟಿ ಎಳೆದೊಯ್ಯುವಾಗ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಎರಡನೆಯದು ನೆಗ್ಗಿಲು. ಮಳೆ ಮುಗಿದು ನೆಲ ಒಣಗಿದ ಮೇಲೆ ಇದರ ಕಾಯಿ ಉದುರಿ ಬಿದ್ದಿರುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಮೂರನೆಯದು ಕಬ್ಬಿಣ. ಎತ್ತಿನ ಲಾಳದಿಂದ ಕಳಚಿದ ಮೊಳೆ, ತಂತಿಯ ತುಂಡು.

ನೆಗ್ಗಿಲಿನ ಮುಳ್ಳು ಗಿಡ್ಡ. ನಡುಭಾಗದ ರಬ್ಬರು ದಪ್ಪಗಿರುವ ಒಳ್ಳೆಯ ಟಯರ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಜಾಲಿ ಮುಳ್ಳು ಹಾಗಲ್ಲ. ನೆಟ್ಟಗೆ ನಿಂತು ಚುಚ್ಚಿದರೆ ದಪ್ಪ ಟಯರನ್ನೂ ದಾಟುತ್ತದೆ. ಅದಕ್ಕೆ ಇನ್ನೊಂದು ಪದರ ಬೇಕು.

ಅದಕ್ಕೆ ಮೂರು ದಾರಿ ಇವೆ. ಒಂದು, ಕಾರ್ಖಾನೆಯಲ್ಲೇ ಒಳಗೆ ರಕ್ಷಣಾ ಪಟ್ಟಿ ಕೂರಿಸಿದ ಟಯರ್. ಒಳ್ಳೆಯದೇ, ಆದರೆ ಬೆಲೆ ಜಾಸ್ತಿ. ಎರಡು, ಟಯರಿಗೂ ಟ್ಯೂಬಿಗೂ ನಡುವೆ ಇಡುವ ಪ್ಲಾಸ್ಟಿಕ್ ಪಟ್ಟಿ. ಇದಕ್ಕೆ ಲೈನರ್ ಎನ್ನುತ್ತಾರೆ. ಸೈಕಲ್ಲಿನ ಅಳತೆಗೆ ಸರಿಯಾಗಿರಬೇಕು, ಎರಡು ತುದಿ ಒಂದರ ಮೇಲೊಂದು ಬರುವ ಕಡೆ ಅಂಚು ಚೂಪಾಗಿರಬಾರದು. ಇಲ್ಲದಿದ್ದರೆ ಆ ಅಂಚೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಮೂರು, ನಮ್ಮ ಪಂಕ್ಚರ್ ಅಂಗಡಿಯವರು ಮೊದಲಿನಿಂದ ಮಾಡುವ ಉಪಾಯ. ಕೆಟ್ಟುಹೋದ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ವಾಲ್ ಇದ್ದ ಭಾಗ ಕತ್ತರಿಸಿ ತೆಗೆದು, ಟಯರಿನ ಒಳಗೆ ಸುತ್ತಲೂ ಹಾಸುವುದು. ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ. ತುಳಿಯುವುದು ಸ್ವಲ್ಪ ಭಾರ ಅನ್ನಿಸಬಹುದು. ದಿನವೂ ಹಾಲು ಹೊರುವ ಹಿಂದಿನ ಗಾಲಿಗೆ ಇದನ್ನು ಮಾಡಿಸಿಕೊಂಡರೆ ಲಾಭವೇ ಹೆಚ್ಚು.

ಟ್ಯೂಬಿನೊಳಗೆ ಹಾಕುವ ತೂತು ಮುಚ್ಚುವ ದ್ರವವೂ ಸಿಗುತ್ತದೆ. ಮೋಟಾರ್ ಸೈಕಲ್ಲಿನಂಥ ವಾಲ್ ಇರುವ ಟ್ಯೂಬಿಗೆ ಅದು ನಡೆಯುತ್ತದೆ. ನಮ್ಮ ಹೆಚ್ಚಿನ ಸೈಕಲ್‌ಗಳಲ್ಲಿ ಇರುವುದು ಸಣ್ಣ ರಬ್ಬರ್ ನಳಿಗೆ ಹಾಕಿದ ವಾಲ್. ಆ ದ್ರವ ಅಲ್ಲಿ ಅಂಟಿ ಒಣಗಿದರೆ ಹವಾ ಹಾಕುವುದೇ ಕಷ್ಟವಾಗುತ್ತದೆ.

ಟ್ಯೂಬ್ ಕೊಳ್ಳುವಾಗ ಬ್ಯೂಟೈಲ್ ರಬ್ಬರಿನದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಸಾದಾ ರಬ್ಬರಿನ ಟ್ಯೂಬಿಗಿಂತ ಅದರಲ್ಲಿ ಹವಾ ಬಹಳ ದಿನ ನಿಲ್ಲುತ್ತದೆ.

ಎಲ್ಲಕ್ಕಿಂತ ಅಗ್ಗದ ರಕ್ಷಣೆ: ಸರಿಯಾದ ಹವಾ

ಎಷ್ಟೇ ದುಬಾರಿ ಟಯರ್ ಹಾಕಿಸಿದರೂ ಹವಾ ಕಡಿಮೆ ಇದ್ದರೆ ಅದು ಬೇಗ ಹಾಳು. ಹವಾ ಕಡಿಮೆ ಇದ್ದಾಗ ಟಯರ್ ನೆಲಕ್ಕೆ ಅಗಲವಾಗಿ ಒರಗುತ್ತದೆ, ಹೆಚ್ಚು ಮುಳ್ಳು ಸಿಗುತ್ತದೆ, ಕಲ್ಲು ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಸೀಳುತ್ತದೆ. ಹವಾ ಅತಿಯಾದರೆ ಕುಕ್ಕುತ್ತದೆ, ಗರಸಿನ ಮೇಲೆ ಜಾರುತ್ತದೆ.

ಟಯರಿನ ಪಕ್ಕದಲ್ಲಿ ಗರಿಷ್ಠ ಎಷ್ಟು ಹವಾ ಎಂದು ಪಿಎಸ್‌ಐ ಲೆಕ್ಕದಲ್ಲಿ ಬರೆದಿರುತ್ತದೆ. ಅದನ್ನು ದಾಟಬಾರದು. ಆದರೆ ರಬ್ಬರ್ ನಳಿಗೆಯ ವಾಲ್ ಇರುವ ಸೈಕಲ್‌ನಲ್ಲಿ ಮೀಟರ್ ಹಚ್ಚಿ ಸರಿಯಾಗಿ ಅಳೆಯಲಾಗದು. ಅದಕ್ಕೆ ಕಣ್ಣಳತೆಯೇ ಸಾಧನ. ಕ್ಯಾನ್ ಹೇರಿ ನೀವು ಸೀಟಿನ ಮೇಲೆ ಕುಳಿತುಕೊಳ್ಳಿ, ಮಗಳನ್ನೋ ಸೊಸೆಯನ್ನೋ ಹಿಂದಿನ ಗಾಲಿಯ ಬುಡ ನೋಡಲು ಹೇಳಿ. ನೆಲಕ್ಕೆ ತಾಗಿದ ಕಡೆ ಟಯರ್ 5–6 ಮಿಲಿಮೀಟರಿನಷ್ಟು, ಅಂದರೆ ಅರ್ಧ ಬೆರಳಗಲಕ್ಕಿಂತ ಕಡಿಮೆ ಕುಗ್ಗಿದರೆ ಸರಿ. ರಿಮ್ ನೆಲದತ್ತ ಇಳಿದಂತೆ ಕಂಡರೆ ಹವಾ ಸಾಲದು. ಸ್ವಲ್ಪವೂ ಕುಗ್ಗದಿದ್ದರೆ ಜಾಸ್ತಿಯಾಗಿದೆ. ಮುಂದಿನ ಗಾಲಿಗೆ ಹಿಂದಿನದಕ್ಕಿಂತ ತುಸು ಕಡಿಮೆ ಹವಾ ಸಾಕು, ಅದರ ಮೇಲೆ ಭಾರ ಕಡಿಮೆ.

ಒಮ್ಮೆ ಸರಿಯಾದ ಹವಾ ಗೊತ್ತಾದ ಮೇಲೆ ಹೆಬ್ಬೆರಳಿನಿಂದ ಟಯರ್ ಒತ್ತಿ ಆ ಗಟ್ಟಿತನವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ದಿನವೂ ಕರೆಯಲು ಕೂರುವ ಮೊದಲು ಹೀಗೆ ಒತ್ತಿ ನೋಡಿದರೆ ಸಾಕು. ಹೊರಡುವ ಹೊತ್ತಿಗೆ ನೋಡಿದರೆ ತಡವಾಗುತ್ತದೆ. ಕರೆಯುವ ಮೊದಲೇ ಗೊತ್ತಾದರೆ ಹವಾ ಹಾಕಲೋ, ಪಕ್ಕದ ಮನೆಯವರ ಜೊತೆ ಹಾಲು ಕಳಿಸಲೋ ಸಮಯ ಸಿಗುತ್ತದೆ.

ಪಂಕ್ಚರ್ ಇಲ್ಲದೆ ಹವಾ ಇಳಿಯುತ್ತಿದ್ದರೆ ವಾಲ್ ಮೇಲೆ ಸೋಪು ನೀರು ಹಚ್ಚಿ. ಗುಳ್ಳೆ ಬಂದರೆ ಒಳಗಿನ ರಬ್ಬರ್ ನಳಿಗೆ ಹೋಗಿದೆ ಎಂದರ್ಥ. ಅದನ್ನು ಬದಲಿಸುವುದು ಒಂದು ನಿಮಿಷದ ಕೆಲಸ. ಅಂಥ ನಾಲ್ಕು ನಳಿಗೆ ಮನೆಯಲ್ಲಿಟ್ಟುಕೊಳ್ಳಿ.

ಸೈಕಲ್ ಬಿಸಿಲಿನಲ್ಲಿ ನಿಲ್ಲಿಸಬೇಡಿ. ಬಿಸಿಲು ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ದನಕ್ಕೆ ನೆರಳು ಮಾಡಿದ ಹಾಗೆ ಸೈಕಲ್‌ಗೂ ಕೊಟ್ಟಿಗೆಯ ಮೂಲೆಯಲ್ಲಿ ಜಾಗ ಇರಲಿ.

ತೂತು ನೋಡಿದರೆ ಕಾರಣ ತಿಳಿಯುತ್ತದೆ

ಪಂಕ್ಚರ್ ಹಾಕಿಸುವಾಗ ಅಲ್ಲೇ ನಿಂತು ಟ್ಯೂಬ್ ನೋಡಿ. ತೂತು ಎಲ್ಲಿದೆ, ಹೇಗಿದೆ ಎನ್ನುವುದು ಕಾರಣ ಹೇಳುತ್ತದೆ.

• ಹೊರಮೈಯಲ್ಲಿ ಒಂದೇ ಸಣ್ಣ ತೂತು: ಮುಳ್ಳು ಅಥವಾ ಮೊಳೆ. ಅದು ಇನ್ನೂ ಟಯರಿನೊಳಗೇ ಇರಬಹುದು. ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿಸಿ, ಎಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ನಾಳೆ ಮತ್ತೆ ಅದೇ ಕತೆ.
• ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳು: ಹವಾ ಕಡಿಮೆ ಇತ್ತು, ಕಲ್ಲಿಗೋ ಗುಂಡಿ ಅಂಚಿಗೋ ಬಡಿದಿದೆ.
• ರಿಮ್ ಕಡೆಯ ಒಳಮೈಯಲ್ಲಿ ತೂತು: ಸ್ಪೋಕ್ ತುದಿ ಚುಚ್ಚಿದೆ. ರಿಮ್ಮಿನೊಳಗಿನ ಪಟ್ಟಿ ಹರಿದಿದೆಯೇ ನೋಡಿಸಿ.
• ವಾಲ್ ಬುಡದಲ್ಲಿ ಹರಿತ: ಹವಾ ಕಡಿಮೆ ಇದ್ದು ಟಯರ್ ರಿಮ್ಮಿನ ಮೇಲೆ ಜರುಗಿದೆ. ಇದಕ್ಕೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಿ.

ಮೇಲೆ ಹೇಳಿದ ನಾಲ್ಕರಲ್ಲಿ ಎರಡಕ್ಕೆ ಕಾರಣ ಮುಳ್ಳೂ ಅಲ್ಲ, ಕೆಟ್ಟ ಟಯರೂ ಅಲ್ಲ, ಹವಾ ಕಡಿಮೆ ಇದ್ದದ್ದು.

ಪಂಕ್ಚರ್ ಹಾಕುವುದು ಗಂಡಸರ ಕೆಲಸ ಎಂದು ಯಾರೂ ಬರೆದಿಟ್ಟಿಲ್ಲ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹಳ್ಳಿ ಹೆಣ್ಣುಮಕ್ಕಳು ಸೈಕಲ್ ಕಲಿತರು. ಅದಕ್ಕೂ ಮೊದಲು ಅಲ್ಲಿಯೂ ಹೆಂಗಸರು ಸೈಕಲ್ ತುಳಿಯುವುದು ಅಪರೂಪವೇ ಆಗಿತ್ತು. ಸೈಕಲ್ ತುಳಿಯಲು ಕಲಿತವರಿಗೆ ಟ್ಯೂಬ್ ಬಿಚ್ಚಿ ಪ್ಯಾಚ್ ಅಂಟಿಸುವುದು ದೊಡ್ಡ ವಿದ್ಯೆಯಲ್ಲ. ತೂತಿನ ಸುತ್ತ ಉಜ್ಜಿ, ಸೊಲ್ಯೂಶನ್ ತೆಳ್ಳಗೆ ಹಚ್ಚಿ, ಅದು ಒಣಗಿ ಜಿಗುಟಾಗುವವರೆಗೆ ಕಾದು, ಪ್ಯಾಚ್ ಒತ್ತುವುದು ಅಷ್ಟೇ. ಟಯರ್ ಮತ್ತೆ ಹಾಕುವ ಮುನ್ನ ಟ್ಯೂಬಿಗೆ ಸ್ವಲ್ಪ ಹವಾ ಊದಿ, ಆದಷ್ಟೂ ಕೈಯಿಂದಲೇ ಟಯರ್ ಕೂರಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹೊಸ ತೂತು ಬೀಳುತ್ತದೆ. ನಿಮ್ಮ ಮಹಿಳಾ ಸಂಘದಲ್ಲಿ ನಾಲ್ಕೈದು ಜನ ಸೇರಿ ಒಂದು ಪಂಪ್, ಒಂದು ಡಬ್ಬಿ ಸೊಲ್ಯೂಶನ್, ಒಂದಿಷ್ಟು ಪ್ಯಾಚ್ ಕೊಂಡು ಸಂಘದ ಕಟ್ಟೆಯಲ್ಲಿ ಇಟ್ಟರೆ ಎಲ್ಲರಿಗೂ ಆಗುತ್ತದೆ.

ಅಂಗಡಿಗೆ ಹೋದಾಗ

1. ಪೂರ್ತಿ ಅಳತೆ ಹೇಳಿ, ಬರೀ "26" ಅಥವಾ "28" ಎನ್ನಬೇಡಿ.
2. "ಹಾಲಿನ ಕ್ಯಾನ್ ಹೇರುತ್ತೇನೆ" ಎಂದು ಮೊದಲೇ ತಿಳಿಸಿ. ನಡುಭಾಗದ ರಬ್ಬರು ದಪ್ಪ, ಪಕ್ಕ ಮೆತ್ತಗೆ ಇರುವುದನ್ನು ತೋರಿಸಲು ಕೇಳಿ.
3. ಟಯರ್ ಬಾಗಿಸಿ ನೋಡಿ. ಸಣ್ಣ ಬಿರುಕು ಕಂಡರೆ ಅದು ಅಂಗಡಿಯಲ್ಲೇ ಹಳತಾಗಿದೆ, ಬೇಡ.
4. ಟಯರ್ ಪಕ್ಕದಲ್ಲಿ ಬಾಣದ ಗುರುತಿದ್ದರೆ ಗಾಲಿ ಮುಂದೆ ಉರುಳುವ ದಿಕ್ಕಿಗೆ ಆ ಬಾಣ ಇರುವಂತೆ ಹಾಕಿಸಿ.
5. ಹಳೆಯ ಟಯರಿನ ಮೇಲೆ ನೂಲು ಕಾಣಿಸುತ್ತಿದ್ದರೆ, ಎಲ್ಲಾದರೂ ಗಂಟಿನಂತೆ ಉಬ್ಬಿದ್ದರೆ ಇನ್ನೊಂದು ತಿಂಗಳು ನೋಡೋಣ ಎನ್ನಬೇಡಿ. ಆ ಉಬ್ಬು ಯಾವತ್ತು ಬೇಕಾದರೂ ಸಿಡಿಯಬಹುದು.
6. ಹಳೆಯ ಟ್ಯೂಬ್ ಅಲ್ಲೇ ಬಿಟ್ಟು ಬರಬೇಡಿ. ಒಳಪಟ್ಟಿಗೆ ಬೇಕಾಗುತ್ತದೆ.

ಟಯರಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗಿ ಬಂದಾಗ ಮನೆಯಲ್ಲಿ ಮಾತು ಬರಬಹುದು. ಆಗ ಒಂದು ಲೆಕ್ಕ ಮುಂದಿಡಿ. ಒಂದು ಹೊತ್ತಿನ ಹಾಲು ವಾಪಸು ಬಂದರೆ ಎಷ್ಟು ನಷ್ಟ, ವರ್ಷದಲ್ಲಿ ಎಷ್ಟು ಸಲ ಪಂಕ್ಚರ್‌ಗೆ ದುಡ್ಡು ಕೊಟ್ಟಿದ್ದೀರಿ, ಎಷ್ಟು ದಿನ ಕ್ಯಾನ್ ತಲೆ ಮೇಲೆ ಹೊತ್ತು ನಡೆದಿದ್ದೀರಿ ಎಂದು ಪಾಸ್‌ಬುಕ್ಕಿನ ಹಿಂದೆಯೇ ಬರೆದು ತೋರಿಸಿ. ಅಂಕಿ ನಿಮ್ಮ ಪರವಾಗಿಯೇ ಇರುತ್ತದೆ.

ಇವತ್ತು ಸಂಜೆ ಹಾಲು ಕರೆಯುವ ಮುಂಚೆ ಸೈಕಲ್ಲಿನ ಎರಡೂ ಟಯರ್ ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಪಕ್ಕದಲ್ಲಿರುವ ಅಂಕಿ ಬರೆದಿಟ್ಟುಕೊಳ್ಳಿ. ಉಳಿದದ್ದನ್ನು ಮುಂದಿನ ಸಂತೆಯ ದಿನ ಮಾಡಿಸಿದರಾಯಿತು.